ಥೀಮ್ ಪಾರ್ಕಿಗೆ ಅಧಿಕಾರಿ ಯಾರು?

ವಿಷಯ

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶಾಲೆಗಳು ಮುಚ್ಚುತ್ತವೆ. ಅಲ್ಲಿಂದ ಮೇ ಕೊನೆಯವರೆಗೆ ಬಾಗಲಕೋಟೆಯ ನವನಗರದ ಸೆಕ್ಟರುಗಳಲ್ಲಿ, ಇಳಕಲ್ಲಿನ ನೇಕಾರರ ಓಣಿಗಳಲ್ಲಿ, ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ-ಅವ್ವಂದಿರು ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: "ಈ ಸಲ ಹುಡುಗರನ್ನ ಎಲ್ಲಿಗೆ ಕರಕೊಂಡ ಹೊಂಟೀರಿ?" ಮೊದಲು ಇದಕ್ಕೆ ತಾಯಿಯ ತವರೂರೇ ಉತ್ತರ. ಈಗ "ವಂಡರ್‌ಲಾಕ್ಕ" ಎಂದು ಹೇಳುವವರ ಮಾತಿಗೆ ಬೇರೆಯೇ ತೂಕ. ಎಡಗಾಲಿನ ಚಪ್ಪಲಿ ಯಾವುದು, ಬಲಗಾಲಿನದು ಯಾವುದು ತಿಳಿಯದ ಮಗುವಿನ ಬಾಯಲ್ಲೂ ಆ ಹೆಸರು ಸಲೀಸಾಗಿ ಬರುತ್ತದೆ, ಮೊಬೈಲಿನಲ್ಲಿ ನೋಡಿಟ್ಟಿರುತ್ತದೆ.

ಎರಡರಿಂದ ಎಂಟು ವರ್ಷದ ಮಕ್ಕಳಿರುವ ಮನೆಯವರು ದೊಡ್ಡ ಥೀಮ್ ಪಾರ್ಕಿನ ಪ್ರವಾಸವನ್ನು ಹೇಗೆ ತೀರ್ಮಾನಿಸಬೇಕು? ಇದೇ ಇಲ್ಲಿಯ ವಿಷಯ. ವಿಚಾರದ ದಾರಿಯನ್ನು ವೇದದ ಕರ್ಮವಿಧಿಗಳನ್ನು ಒರೆಗೆ ಹಚ್ಚುವ ಮೀಮಾಂಸೆಯಿಂದ, ಅಂದರೆ ಜೈಮಿನಿಯ ಪರಂಪರೆಯಿಂದ ಕಡ ತಂದಿದ್ದೇನೆ. ಯಜ್ಞವೊಂದರ ಬಗ್ಗೆ ಮೀಮಾಂಸಕರು ಕೇಳುತ್ತಿದ್ದ ಪ್ರಶ್ನೆಗಳು ಗಟ್ಟಿ ಸಂಸಾರಿಗಳ ಪ್ರಶ್ನೆಗಳೇ: ಇದನ್ನು ಮಾಡಲು ಯಾರು ಅಧಿಕಾರಿ, ಫಲ ಯಾರಿಗೆ, ಮುಖ್ಯ ಯಾವುದು, ಅದರ ಅಂಗ ಯಾವುದು, ಬಿಟ್ಟರೆ ದೋಷವೇನು? ವಿಷಯ, ಸಂಶಯ, ಪೂರ್ವಪಕ್ಷ, ಉತ್ತರ, ನಿರ್ಣಯ ಎಂದು ಐದು ಮೆಟ್ಟಿಲಲ್ಲಿ ಅವರು ವಿಚಾರವನ್ನು ಏರಿಸುತ್ತಿದ್ದರು. ಹಣ, ಹೊತ್ತು, ಸಾಮಾನು, ಪರಿಚಾರಕರು ಎಲ್ಲ ಬೇಕಾಗುವ ಕುಟುಂಬ ಪ್ರವಾಸಕ್ಕೆ ಈ ದಾರಿ ಚೆನ್ನಾಗಿ ಹೊಂದುತ್ತದೆ.

ಊರಿನ ಭೂಗೋಳವನ್ನು ಮೊದಲು ಹೇಳಿಬಿಡಬೇಕು. ಬಾಗಲಕೋಟೆ ಜಿಲ್ಲೆಯಲ್ಲಿ ದೊಡ್ಡ ಥೀಮ್ ಪಾರ್ಕ್ ಇಲ್ಲ. ದಕ್ಷಿಣಕ್ಕೆ ಹೋದರೆ ಬೆಂಗಳೂರು ದಾಟಿ ಬಿಡದಿಯಲ್ಲಿ 2005ರಲ್ಲಿ ತೆರೆದ ವಂಡರ್‌ಲಾ; ಪೂರ್ವಕ್ಕೆ ಹೈದರಾಬಾದಿನಲ್ಲಿ ಅದೇ ಕಂಪನಿ 2016ರಲ್ಲಿ ತೆರೆದ ಪಾರ್ಕ್; ವಾಯವ್ಯಕ್ಕೆ ಪುಣೆ-ಮುಂಬೈ ಹೆದ್ದಾರಿಯ ಖೋಪೋಲಿಯಲ್ಲಿ 2013ರಲ್ಲಿ ಶುರುವಾದ ಇಮ್ಯಾಜಿಕಾ. ಯಾವ ದಿಕ್ಕಿಗೆ ಹೊರಟರೂ ನಾನೂರು, ಐನೂರು ಕಿಲೋಮೀಟರ್. ಅಂದರೆ ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ಗಾಡಿಯಲ್ಲೇ ಕಳೆಯಬೇಕು. ಬೆಂಗಳೂರಿನವರಿಗೆ ಒಂದು ಭಾನುವಾರದ ಪ್ರಶ್ನೆಯಾದದ್ದು ನಮಗೆ ವರ್ಷದ ಪ್ರಶ್ನೆಯಾಗುವುದು ಈ ಕಾರಣಕ್ಕೆ.

ಸಂಶಯ

ಎಳೆಯ ಮಗುವನ್ನು ಈ ದೂರದ ಪಾರ್ಕಿಗೆ ಈಗಲೇ ಕರೆದೊಯ್ಯಬೇಕೋ, ಬೆಳೆಯುವವರೆಗೆ ಅದನ್ನು ಮುಂದೂಡಿ ಹತ್ತಿರದ ಜಾಗಗಳಿಗೆ ಹೋಗಬೇಕೋ? "ಎರಡೂ ಬ್ಯಾಡ, ಮನ್ಯಾಗ ಆಡಿಕೊಂಡಿರಲಿ" ಎಂಬ ಮೂರನೆಯ ಪಕ್ಷವೂ ಉಂಟು. ಅದನ್ನು ಹೇಳುವವರು ಹೆಚ್ಚಾಗಿ ಮನೆಯಲ್ಲಿ ಮಗುವನ್ನು ನೋಡಿಕೊಳ್ಳದವರು. ಅದರ ಗತಿ ಏನೆಂಬುದು ಉತ್ತರಪಕ್ಷದಲ್ಲಿ ತಾನಾಗಿಯೇ ತಿಳಿಯುತ್ತದೆ.

ಪೂರ್ವಪಕ್ಷ

ಈಗಲೇ ಹೋಗಬೇಕು ಎನ್ನುವವರ ವಾದ ದುರ್ಬಲವೇನಲ್ಲ. ಅದನ್ನು ಅವರ ಪರವಾಗಿಯೇ ಹೇಳುತ್ತೇನೆ.

ಒಂದು, ಮಗು ಕೇಳುತ್ತಿದೆ. ಬೇಡಿಕೆ ಕಣ್ಣೆದುರಿಗೇ ಇರುವಾಗ ಬೇರೆ ಪ್ರಮಾಣ ಏಕೆ? ಎರಡು, ಬಾಲ್ಯ ಕಾಯುವುದಿಲ್ಲ. ನಾಲ್ಕನೆಯ ವರ್ಷ ಬರುವುದು ಒಂದೇ ಸಲ. ಹನ್ನೊಂದಕ್ಕೆ ಬಂದ ಹುಡುಗ ಅಪ್ಪನ ಕೈ ಹಿಡಿದು ನಡೆಯುವುದೂ ಅನುಮಾನ. ಮೂರು, ಸುರಕ್ಷತೆ. ಪಾರ್ಕಿನಲ್ಲಿ ಬೆಲ್ಟ್ ಇದೆ, ಸರಳು ಇದೆ, ಕೊಳದ ಬಳಿ ಸೀಟಿ ಹಿಡಿದು ನಿಂತ ಕಾವಲುಗಾರರಿದ್ದಾರೆ, ಮಗುವಿನ ಬಟ್ಟೆ ಬದಲಿಸಲು ಜಾಗವಿದೆ, ಶೌಚಾಲಯವಿದೆ. ಜಾತ್ರೆಯ ತೊಟ್ಟಿಲಿಗೆ ಇದರಲ್ಲಿ ಏನಿದೆ? ನಾಲ್ಕು, ಒಂದೇ ಟಿಕೆಟ್ಟಿನಲ್ಲಿ ಇಡೀ ದಿನ. ಅವ್ವನಿಗೆ ರೊಟ್ಟಿ ಬಡಿಯುವ ಕೆಲಸದಿಂದ ಒಂದು ದಿನ ಬಿಡುವು. ಐದು, ಬೆಂಗಳೂರಿನ ಮಕ್ಕಳಿಗೆ ಸಿಗುವುದು ನಮ್ಮ ಮಕ್ಕಳಿಗೇಕೆ ಸಿಗಬಾರದು?

ಈ ಐದೂ ಮನೆ ಮನೆಯ ಮಾತು. ಯಾವುದನ್ನೂ ತಳ್ಳಿಹಾಕಬೇಕಾಗಿಲ್ಲ. ಇವು ಪಾರ್ಕು ಒಳ್ಳೆಯದೆಂದು ತೋರಿಸುತ್ತವೆ, ಅಷ್ಟೇ. ಅದು ಈ ಮಗುವಿಗೆ, ಈ ವರ್ಷ ಒಳ್ಳೆಯದೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಉತ್ತರ: ಮೊದಲು ಅಧಿಕಾರಿಯನ್ನು ಗೊತ್ತುಮಾಡಬೇಕು

ಮೀಮಾಂಸಕರ ಪ್ರಕಾರ ಕರ್ಮದ ಅಧಿಕಾರಿಗೆ ಮೂರು ಲಕ್ಷಣ ಬೇಕು. ಅವನಿಗೆ ಫಲದ ಬಯಕೆ ಇರಬೇಕು. ಅದನ್ನು ಮಾಡುವ ಸಾಮರ್ಥ್ಯ ಇರಬೇಕು. ಅವನಿಗೆ ಅದು ನಿಷಿದ್ಧವಾಗಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಕರ್ಮ ಅವನದಲ್ಲ. ನಮ್ಮ ಮಗುವನ್ನು ಈ ಮೂರಕ್ಕೂ ಒಡ್ಡೋಣ.

ಬಯಕೆ. ನಾಲ್ಕು ವರ್ಷದ ಮಗು "ವಂಡರ್‌ಲಾ" ಎಂದಾಗ ಅದಕ್ಕೆ ಬೇಕಾದದ್ದು ಏನು? ಬಿಡಿಸಿ ಕೇಳಿದರೆ ಬರುವ ಉತ್ತರ: ನೀರು, ರೈಲು, ಜಾರುಬಂಡಿ, ಐಸ್‌ಕ್ರೀಮ್. ತಲೆಕೆಳಗಾಗಿ ತಿರುಗುವ ದೈತ್ಯ ಯಂತ್ರ ಆ ಪಟ್ಟಿಯಲ್ಲಿ ಇರುವುದು ಅಪರೂಪ. ಮಗುವಿನ ಬಯಕೆ ವಸ್ತುವಿನದು. ಹೆಸರಿನ ಬಯಕೆ ಬಹಳ ಸಲ ದೊಡ್ಡವರದು. ವಸ್ತು ಹತ್ತಿರದಲ್ಲೇ ಸಿಕ್ಕರೆ ಮಗುವಿನ ಪಾಲಿಗೆ ಬೇಡಿಕೆ ತೀರಿತು.

ಸಾಮರ್ಥ್ಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮೂರು-ನಾಲ್ಕು ವರ್ಷದ ಮಗುವಿಗೆ ಹಗಲಿನ ಜೊಂಪೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಇಳಕಲ್ಲಿನಲ್ಲಿ ರಾತ್ರಿ ಸ್ಲೀಪರ್ ಬಸ್ ಹತ್ತಿ, ಹೊಸಪೇಟೆ, ಚಿತ್ರದುರ್ಗದ ಮೇಲೆ ಹಾದು, ಬೆಳಕು ಹರಿಯುವಾಗ ಬೆಂಗಳೂರಿನಲ್ಲಿ ಇಳಿಯುವ ಮಗುವಿಗೆ ಅದರಲ್ಲಿ ಎಷ್ಟು ಸಿಕ್ಕಿತು? ಗಾಡಿಯಲ್ಲಿ ಹೊಟ್ಟೆ ತೊಳಸುವ ತೊಂದರೆ ಎರಡರಿಂದ ಹನ್ನೆರಡು ವರ್ಷದವರಲ್ಲೇ ಹೆಚ್ಚು. ಪಾರ್ಕು ತೆರೆಯುವುದು ಬೆಳಿಗ್ಗೆ 11ರ ಸುಮಾರಿಗೆ. ಸಾಲು, ಲಾಕರ್, ಬಟ್ಟೆ ಬದಲಾವಣೆ ಮುಗಿಯುವ ಹೊತ್ತಿಗೆ ಮಧ್ಯಾಹ್ನ. ಎಳೆಯ ಮಗುವಿಗೆ ಜೊಂಪು ಹತ್ತುವ ಹೊತ್ತೂ ಅದೇ. ಪಾರ್ಕಿನ ಏಳು ಗಂಟೆಯಲ್ಲಿ ಮಗು ಹಸನಾಗಿರುವುದು ಎರಡೋ ಮೂರೋ ಗಂಟೆ. ಉಳಿದದ್ದು ಎತ್ತಿಕೊಂಡು ನಡೆಯುವುದು, ಸಮಾಧಾನ ಮಾಡುವುದು, ಬೆಂಚು ಹುಡುಕುವುದು.

ನಿಷೇಧ. ಇಲ್ಲಿ ಶಾಸ್ತ್ರಕ್ಕಿಂತ ಸ್ಪಷ್ಟವಾದ ಫಲಕವೇ ಉಂಟು. ವಂಡರ್‌ಲಾದ ನಿಯಮದಂತೆ 85 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಗುವಿಗೆ ಪ್ರವೇಶ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಆಮೇಲೆ ದೊಡ್ಡವರದು. ಆದರೆ ಒಳಗೆ ಹೋದ ಮೇಲೆ ಪ್ರತಿ ಆಟಕ್ಕೂ ಬೇರೆ ಅಳತೆ ಇದೆ, ಮತ್ತು ಎದೆ ಝಲ್ಲೆನಿಸುವ ಆಟಗಳ ಅಳತೆ ಸಹಜವಾಗಿಯೇ ಮೇಲಿರುತ್ತದೆ. 120, 140 ಎಂಬ ಅಂಕಿಗಳು ಇಂಥ ಪಾರ್ಕುಗಳಲ್ಲಿ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಮೂರು ವರ್ಷದ ಮಗುವಿನ ನಡುಮಟ್ಟದ ಎತ್ತರ 95-96 ಸೆಂಟಿಮೀಟರ್, ಐದಕ್ಕೆ 110ರ ಸುಮಾರು, ಏಳಕ್ಕೆ 121ರ ಆಸುಪಾಸು. 140 ಬರುವುದು ಹತ್ತೂವರೆಯ ಹೊತ್ತಿಗೆ. ಎರಡೂ ಬಗೆಯ ಅಂಕಿಗಳನ್ನು ಎದುರುಬದುರು ಇಟ್ಟರೆ ಲೆಕ್ಕ ತಾನೇ ಮಾತಾಡುತ್ತದೆ: ಎರಡು ತುಂಬುವ ಮೊದಲೇ ಮಗುವಿನ ಟಿಕೆಟ್ ಶುರು, ದೊಡ್ಡ ಆಟಗಳ ಬಾಗಿಲು ಏಳರ ಹೊತ್ತಿಗೆ ಅರ್ಧ ತೆರೆಯುತ್ತದೆ, ಹತ್ತು ದಾಟಿದ ಮೇಲೆ ಪೂರ್ತಿ. ನಡುವಿನ ಐದಾರು ವರ್ಷ ಮಗು ಟಿಕೆಟ್ಟಿಗೆ ಅಧಿಕಾರಿ, ಆಟಕ್ಕಲ್ಲ. ಪುಟಾಣಿಗಳಿಗೆಂದೇ ಸಣ್ಣ ರೈಲು, ತಿರುಗುವ ಕುದುರೆ, ಮೊಣಕಾಲುದ್ದದ ಕೊಳ ಅಲ್ಲಿರುವುದು ನಿಜ. ಆದರೆ ಐನೂರು ಕಿಲೋಮೀಟರ್ ಹೋಗಿ ಆಡುವುದು ಅವನ್ನು ಮಾತ್ರವಾದರೆ ಆ ದೂರ ಯಾತಕ್ಕೆ?

ಉತ್ತರ: ಅಂಗಿ ಯಾವುದು, ಅಂಗ ಯಾವುದು

ಪ್ರತಿ ಕರ್ಮದಲ್ಲೂ ಒಂದು ಪ್ರಧಾನ ಇರುತ್ತದೆ; ಅದನ್ನು ಅಂಗಿ ಎನ್ನುತ್ತಾರೆ. ಉಳಿದದ್ದೆಲ್ಲ ಅದಕ್ಕಾಗಿ ಇರುವ ಅಂಗ. ಅಂಗಕ್ಕಾಗಿ ಅಂಗಿಯನ್ನು ಬಗ್ಗಿಸಬಾರದು. ಈ ಪ್ರವಾಸದಲ್ಲಿ ಪ್ರಧಾನ ಯಾವುದು?

ಥೀಮ್ ಪಾರ್ಕಿನ ಹುಟ್ಟಿನ ಕಥೆಯಲ್ಲೇ ಉತ್ತರವಿದೆ. ವಾಲ್ಟ್ ಡಿಸ್ನಿ ತನ್ನ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದ. ಮಕ್ಕಳು ಮರದ ಕುದುರೆಗಳ ಮೇಲೆ ಸುತ್ತುವಾಗ ತಾನು ಬೆಂಚಿನ ಮೇಲೆ ಶೇಂಗಾ ತಿನ್ನುತ್ತ ಕೂತಿರುತ್ತಿದ್ದೆ, ದೊಡ್ಡವರೂ ಮಕ್ಕಳೂ ಕೂಡಿ ಆಡುವ ಜಾಗ ಇರಬೇಕಲ್ಲ ಎಂದು ಆಗ ಹೊಳೆಯಿತು ಎಂದು ಮುಂದೆ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ತೆರೆದ ಡಿಸ್ನಿಲ್ಯಾಂಡಿಗೆ ಈ ಬೆಂಚಿನ ಬೇಸರವೇ ಬೀಜ. ಹಾಗಾದರೆ ಈ ಬಗೆಯ ಜಾಗಗಳ ಅಂಗಿ ದೊಡ್ಡವರೂ ಚಿಕ್ಕವರೂ ಕೂಡಿ ಆಡುವುದು. ಯಂತ್ರ, ಬೆಳಕು, ಕೋಟೆ, ಗೊಂಬೆ ಎಲ್ಲ ಅದರ ಅಂಗಗಳು.

ಇದರಿಂದ ಒಂದು ಒರೆಗಲ್ಲು ಸಿಗುತ್ತದೆ. ಯಾವ ಜಾಗವನ್ನೇ ಆಗಲಿ ಹೀಗೆ ಕೇಳಬೇಕು: ಇಲ್ಲಿ ನನ್ನ ಮಗುವಿನ ಪಕ್ಕದಲ್ಲಿ ನಾನು ಎಷ್ಟು ಹೊತ್ತು ಇರಬಲ್ಲೆ? ಎಳೆಯ ಮಗುವಿನೊಡನೆ ದೊಡ್ಡ ಪಾರ್ಕಿಗೆ ಹೋದ ಕುಟುಂಬ ಸಾಮಾನ್ಯವಾಗಿ ಎರಡಾಗಿ ಒಡೆಯುತ್ತದೆ. ಅಪ್ಪ ದೊಡ್ಡ ಆಟದ ಸಾಲಿನಲ್ಲಿ, ಅವ್ವ ಮಗುವಿನೊಡನೆ ಸಣ್ಣ ಕೊಳದಲ್ಲಿ, ಅಜ್ಜಿ ಚೀಲ ಕಾಯುತ್ತ ನೆರಳಿನಲ್ಲಿ. ಡಿಸ್ನಿಯನ್ನು ಕಾಡಿದ ಬೆಂಚು ಮತ್ತೆ ಬಂತು. ಈ ಸಲ ಅದರ ಮೇಲೆ ನಮ್ಮ ಅಜ್ಜಿ.

ಉತ್ತರ: ನಿತ್ಯ ಮತ್ತು ಕಾಮ್ಯ

ಸಿದ್ಧಾಂತದ ತಿರುಳು ಇಲ್ಲಿದೆ. ಮೀಮಾಂಸಕರು ನಿತ್ಯಕರ್ಮ, ಕಾಮ್ಯಕರ್ಮ ಎಂದು ಬೇರ್ಪಡಿಸುತ್ತಾರೆ. ನಿತ್ಯವನ್ನು ಬಿಟ್ಟರೆ ದೋಷ. ಆದ್ದರಿಂದ ಅದನ್ನು ಕೈಲಾದಷ್ಟು ಮಾಡಿದರೂ ನಡೆಯುತ್ತದೆ, ಒಂದೆರಡು ಅಂಗ ತಪ್ಪಿದರೂ ಸಲ್ಲುತ್ತದೆ. ಕಾಮ್ಯ ಒಂದು ವಿಶೇಷ ಫಲಕ್ಕಾಗಿ ಮಾಡುವುದು. ಅದನ್ನು ಬಿಟ್ಟರೆ ಯಾವ ದೋಷವೂ ಇಲ್ಲ; ಆದರೆ ಮಾಡುವುದಾದರೆ ಎಲ್ಲ ಅಂಗಗಳೂ ಪೂರ್ತಿಯಾಗಿರಬೇಕು, ಇಲ್ಲದಿದ್ದರೆ ಫಲ ದಕ್ಕುವುದಿಲ್ಲ.

ಎಳೆಯ ಮಗುವನ್ನು ಆಗಾಗ ಮನೆಯಿಂದ ಹೊರಗೆ, ಅರ್ಧ ದಿನವಾದರೂ, ಅದರ ಜೊತೆಗೇ ಇದ್ದು ಆಡಿಸಿಕೊಂಡು ಬರುವುದು ನಿತ್ಯ. ದೂರದ ಥೀಮ್ ಪಾರ್ಕು ಕಾಮ್ಯ. ನಮ್ಮ ಗೊಂದಲವೆಲ್ಲ ಈ ಎರಡನ್ನು ಅದಲುಬದಲು ಮಾಡಿದ್ದರಿಂದ ಹುಟ್ಟಿದ್ದು. ವಂಡರ್‌ಲಾಕ್ಕೆ ಕರೆದೊಯ್ಯಲಿಲ್ಲವೆಂದು ಅಪ್ಪ ತಪ್ಪಿತಸ್ಥನಂತೆ ಕೊರಗುತ್ತಾನೆ. ಹತ್ತಿರದ ಆಲಮಟ್ಟಿಗೆ ಒಂದು ಭಾನುವಾರವೂ ಕರೆದೊಯ್ಯದಿದ್ದುದು ಅವನ ಮನಸ್ಸಿಗೆ ತಟ್ಟುವುದೇ ಇಲ್ಲ. ದೋಷವಿರುವುದು ಎರಡನೆಯದರಲ್ಲಿ. "ಮನ್ಯಾಗ ಆಡಿಕೊಂಡಿರಲಿ" ಎಂದ ಮೂರನೆಯ ಪಕ್ಷ ಬೀಳುವುದೂ ಇಲ್ಲಿಯೇ.

ನಿತ್ಯಕ್ಕೆ ನಮ್ಮ ಸುತ್ತ ಏನಿದೆ? ಬಾಗಲಕೋಟೆಯಿಂದ ಒಂದು ಗಂಟೆಯ ಆಸುಪಾಸಿನ ದಾರಿಯಲ್ಲಿ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು. ಬಾಗಲಕೋಟೆಯ ಹಳೆಯ ಊರಿನ ಎಷ್ಟೋ ಓಣಿಗಳು ಇದರ ಹಿನ್ನೀರಿಗೆ ಹೋದವು. ಅದರ ಮಗ್ಗುಲಲ್ಲಿ ಪ್ರಾಣಿಗಳ ಪ್ರತಿಮೆ ತುಂಬಿದ ರಾಕ್ ಗಾರ್ಡನ್, ಉದ್ಯಾನಗಳು, ಕತ್ತಲಾದ ಮೇಲೆ ಸಂಗೀತ ಕಾರಂಜಿ. ಮೂರಕ್ಕೆ ಹೊರಟು, ಮಗುವನ್ನು ಹುಲ್ಲಿನ ಮೇಲೆ ಓಡಲು ಬಿಟ್ಟು, ಕಾರಂಜಿ ನೋಡಿ, ಊಟದ ಹೊತ್ತಿಗೆ ಮನೆ ಸೇರಬಹುದು. ಹೊತ್ತು ಹೊಂದಿದರೆ ರೈಲಿನಲ್ಲಿ ಹೋಗಬೇಕು. ಬಾಗಲಕೋಟೆ-ಆಲಮಟ್ಟಿ ನಡುವೆ ಗಾಡಿ ಕೃಷ್ಣೆಯ ಸೇತುವೆ ದಾಟುವಾಗ ಕಿಟಕಿಗೆ ಮೂಗು ಒತ್ತಿಕೊಂಡು ಕೂತ ಮಗುವಿಗೆ ಬೇರೆ ಆಟವೇ ಬೇಡ. ಮಳೆಗಾಲದಲ್ಲಿ ಹೋದರೆ ಅಣೆಕಟ್ಟಿನ 26 ಗೇಟುಗಳಲ್ಲಿ ತೆರೆದವೆಷ್ಟು ಎಂದು ಎಣಿಸುವ ಕೆಲಸ ಕೊಡಬಹುದು.

ಥೀಮ್ ಪಾರ್ಕ್ ಎಂಬ ಮಾತಿಗೆ ನಿಜವಾಗಿ ತಕ್ಕದ್ದು ಬೇಕಾದರೆ ಹುಬ್ಬಳ್ಳಿ ದಾಟಿ ಹೆದ್ದಾರಿಯಲ್ಲಿ ಹೋಗಿ, ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಇಳಿಯಬೇಕು. ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ್ ರಾಕ್ ಗಾರ್ಡನ್ ಇರುವುದು ಅಲ್ಲಿ. ಉತ್ತರ ಕರ್ನಾಟಕದ ಹಳ್ಳಿ ಬದುಕೇ ಅದರ ವಿಷಯ: ಎತ್ತು, ಬಂಡಿ, ಕುಸ್ತಿಯ ಪೈಲ್ವಾನರು, ಕಸುಬುದಾರರು, ಸಂತೆ, ಎಲ್ಲವೂ ಆಳೆತ್ತರದ ಗೊಂಬೆಗಳಲ್ಲಿ. ಗದಗಿನ ಬಳಿ ಬಿಂಕದಕಟ್ಟಿಯಲ್ಲಿ ಸಣ್ಣ ಪ್ರಾಣಿಸಂಗ್ರಹಾಲಯವಿದೆ. ಸಣ್ಣದಾಗಿರುವುದೇ ಅದರ ಗುಣ, ಮೂರು ವರ್ಷದ ಕಾಲಿಗೆ ದಣಿವಾಗುವ ಮೊದಲೇ ಮುಗಿಯುತ್ತದೆ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ನೀರಿನ ನಡುವೆ ಬಾವಿಯಂಥ ಸುತ್ತುಗೋಡೆಯೊಳಗೆ ಮೆಟ್ಟಿಲಿಳಿದು ಐಕ್ಯಮಂಟಪ ನೋಡುವುದು ಮಕ್ಕಳಿಗೆ ದೊಡ್ಡ ಸಾಹಸ. ಹೊಳೆಗೆ ಮಾತ್ರ ಇಳಿಸಬಾರದು.

ಖರ್ಚಿನ ಮಾತೂ ಒಂದಿಷ್ಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಅವ್ವ, ಅಜ್ಜಿ, ಪುಟ್ಟ ಮಗಳು ಕೂಡಿ ಬಾದಾಮಿಗೆ ಹೊರಟರೆ ಬಸ್ಸಿನಲ್ಲಿ ಹಣ ಕೊಡುವವನು ಅಪ್ಪನೊಬ್ಬನೇ. ದೂರದ ಪ್ರಯಾಣದ ಲೆಕ್ಕ ಬೇರೆ: ರೈಲಿನಲ್ಲಿ ಐದರೊಳಗಿನ ಮಗುವಿಗೆ ಬರ್ತ್ ಕೇಳದಿದ್ದರೆ ಹಣವಿಲ್ಲ, ಆದರೆ 2016ರ ಏಪ್ರಿಲಿನಿಂದ ಐದು ತುಂಬಿದ ಮಗುವಿಗೆ ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ತಿ ದರ. ರಾತ್ರಿ ಪ್ರಯಾಣಕ್ಕೆ ಬರ್ತ್ ಬೇಕೇ ಬೇಕು.

ಆಕ್ಷೇಪ ಮತ್ತು ಸಮಾಧಾನ

ಆಕ್ಷೇಪ: ಎಳೆಯ ಮಕ್ಕಳಿಗೆ ಏನೂ ನೆನಪಿರುವುದಿಲ್ಲ. ಹತ್ತಿರವಾಗಲಿ ದೂರವಾಗಲಿ, ಈ ಪ್ರವಾಸವೆಲ್ಲ ವ್ಯರ್ಥ.

ಸಮಾಧಾನ: ಮೂರು-ಮೂರೂವರೆ ವರ್ಷಕ್ಕೂ ಮುಂಚಿನದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ನೆನಪಾಗುವುದಿಲ್ಲ ಎಂಬುದು ನಿಜ. ಆದರೆ ಕಣ್ಣಿಗೆ ಕಾಣುವ ಫಲ ಇರುವಾಗ ಕಾಣದ ಫಲವನ್ನು ಕಲ್ಪಿಸಬಾರದು ಎಂಬುದು ಮೀಮಾಂಸೆಯ ಹಳೆಯ ನ್ಯಾಯ. ಮಗು ಇವತ್ತು ನಕ್ಕಿತು, ಹಸಿದು ಉಂಡಿತು, ಗಡದ್ದಾಗಿ ಮಲಗಿತು. ಇದೇ ಕಾಣುವ ಫಲ, ಇಷ್ಟು ಸಾಕು. ನೆನಪೇ ಫಲವೆಂದು ಹಟ ಹಿಡಿದರೂ ವಾದ ನಮ್ಮ ಕಡೆಗೇ ವಾಲುತ್ತದೆ. ಒಂದೇ ಕಥೆಯನ್ನು ನೂರು ಸಲ ಹೇಳಿಸಿಕೊಳ್ಳುವ ವಯಸ್ಸು ಅದು. ಮತ್ತೆ ಮತ್ತೆ ಹೋದ ಜಾಗ ಅದರ ಮನಸ್ಸಿನಲ್ಲಿ ಬೇರು ಬಿಡುತ್ತದೆ. ವರ್ಷಕ್ಕೆ ನಾಲ್ಕು ಸಲ ಹೋಗಬಲ್ಲದ್ದು ಆಲಮಟ್ಟಿಯೋ ಬಿಡದಿಯೋ?

ಆಕ್ಷೇಪ: ಫೋಟೋ ಉಳಿಯುತ್ತವೆ. ಮುಂದೆ ಮಗು ನೋಡಿ ಸಂತೋಷಪಡುತ್ತದೆ.

ಸಮಾಧಾನ: ಫೋಟೋದ ಫಲ ಮೊದಲು ಸಿಗುವುದು ತಂದೆ-ತಾಯಿಗೆ. ಅದರಲ್ಲಿ ತಪ್ಪೇನಿಲ್ಲ, ದುಡಿಯುವವರಿಗೂ ರಜೆ ಬೇಕು. ಹಾಗಿದ್ದರೆ "ಇದು ನಮ್ಮ ಪ್ರವಾಸ, ಮಗು ಜೊತೆಗೆ ಬರುತ್ತಿದೆ" ಎಂದು ಒಪ್ಪಿಕೊಂಡು ಹೊರಟರೆ ಆಯಿತು. ಅಧಿಕಾರಿ ತಾನಾಗಿದ್ದು ಮಗುವಿನ ಹೆಸರು ಹೇಳಿದಾಗಲೇ ಮಧ್ಯಾಹ್ನದ ಹೊತ್ತಿಗೆ "ನಿನ್ನ ಸಲುವಾಗೇ ಇಷ್ಟು ದೂರ ಬಂದೇವಿ, ಅಳತೀ ಯಾಕ?" ಎಂಬ ಗದರಿಕೆ ಬರುವುದು.

ಆಕ್ಷೇಪ: ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಂದು ಹೇಳುವುದು ಸುಲಭ. ಕಲ್ಲಿನಲ್ಲಿ ಮಕ್ಕಳಿಗೆ ಏನು ರುಚಿ?

ಸಮಾಧಾನ: ಇದರಲ್ಲಿ ಅರ್ಧ ನಿಜವಿದೆ. ಏಪ್ರಿಲ್-ಮೇ ತಿಂಗಳಲ್ಲಿ ಆ ಬಂಡೆ ಕಾವಲಿಯಂತೆ ಕಾಯುತ್ತದೆ; ಮೆಟ್ಟಿಲು ಎತ್ತರ; ಕೈಯಲ್ಲಿ ಬಿಸ್ಕತ್ತು ಕಂಡರೆ ಮಂಗಗಳು ಬಿಡುವುದಿಲ್ಲ. ಆದ್ದರಿಂದ ಬೇಸಿಗೆಗೆ ಬಾದಾಮಿ ಬೇಡ, ಚಳಿಗಾಲಕ್ಕೆ ಇರಲಿ. ಇನ್ನರ್ಧದಲ್ಲಿ ತಪ್ಪು ಮಕ್ಕಳದಲ್ಲ, ಅವರಿಗೆ ಇಸವಿ ಬಾಯಿಪಾಠ ಮಾಡಿಸುವ ದೊಡ್ಡವರದು. ಮೂರನೆಯ ಗುಹೆ ಕ್ರಿ.ಶ. 578ರದು ಎಂಬುದು ಅಪ್ಪನಿಗೆ ಗೊತ್ತಿದ್ದರೆ ಸಾಕು. ಮಗುವನ್ನು ಮೊದಲ ಗುಹೆಯ ನಟರಾಜನ ಮುಂದೆ ನಿಲ್ಲಿಸಿ "ಕೈ ಎಷ್ಟು ಎಣಸು" ಎನ್ನಬೇಕು. ಹದಿನೆಂಟು. ಎಣಿಕೆ ಪ್ರತಿ ಸಲ ತಪ್ಪುತ್ತದೆ, ಮತ್ತೆ ಶುರುವಾಗುತ್ತದೆ. ಅದೇ ಗುಹೆಯಲ್ಲಿ ದ್ವಾರಪಾಲಕನ ಕೆಳಗೆ ಒಂದೇ ತಲೆಯನ್ನು ಹಂಚಿಕೊಂಡ ಆನೆ-ಎತ್ತು ಇದೆ. ಈ ಕಡೆಯಿಂದ ನೋಡಿದರೆ ಆನೆ, ಆ ಕಡೆಯಿಂದ ಎತ್ತು. ಗೋಡೆಯ ಬುಡದಲ್ಲಿ ಸಾಲಾಗಿ ಕುಣಿಯುವ ಡೊಳ್ಳುಹೊಟ್ಟೆಯ ಕುಬ್ಜ ಗಣಗಳು ಮಕ್ಕಳ ಕಣ್ಣಿನ ಎತ್ತರಕ್ಕೇ ಇವೆ. ಒಂದು ಗುಹೆ ನೋಡಿ ಇಳಿದುಬಿಡಬೇಕು. ನಾಲ್ಕನ್ನೂ ಮುಗಿಸುವ ಹರಕೆ ಯಾರೂ ಹೊತ್ತಿಲ್ಲ.

ಆಕ್ಷೇಪ: ನಗರದ ಮಕ್ಕಳಿಗೆ ಪಾರ್ಕು, ನಮ್ಮವರಿಗೆ ಜಾತ್ರೆಯೇ? ಇದು ಇಲ್ಲದಿರುವುದನ್ನು ಒಳ್ಳೆಯದೆಂದು ಒಪ್ಪಿಸುವ ಜಾಣತನ.

ಸಮಾಧಾನ: ಇದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಮಕ್ಕಳಿಗಾಗಿ ಅಚ್ಚುಕಟ್ಟಾದ, ನೆರಳಿರುವ, ಶೌಚಾಲಯವಿರುವ ಆಟದ ಜಾಗಗಳನ್ನು ನಮ್ಮ ಕಡೆಗೆ ಕೇಳಿ ಪಡೆಯುವುದು ನ್ಯಾಯವಾದದ್ದೇ. ಈ ಬರಹ ಆ ಬೇಡಿಕೆಗೆ ಅಡ್ಡ ಬರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ. ಬಿಡದಿಗೆ ಅರ್ಧ ಗಂಟೆಯ ದೂರದಲ್ಲಿರುವ ಮಗುವಿಗೂ ಎತ್ತರದ ಫಲಕ ಅದೇ. ಅದರ ಮನೆಯವರು ಮಗು ದಣಿದೊಡನೆ ಎದ್ದುಬರಬಲ್ಲರು, ನಾವು ಬರಲಾರೆವು.

ಜಾತ್ರೆಯನ್ನು ಪಾರ್ಕಿನ ಬಡ ನೆಂಟನೆಂದು ಎಣಿಸುವುದೂ ಸರಿಯಲ್ಲ. ಜಗತ್ತಿನಲ್ಲಿ ಇನ್ನೂ ನಡೆಯುತ್ತಿರುವ ಮನರಂಜನಾ ಪಾರ್ಕುಗಳಲ್ಲಿ ಅತಿ ಹಳೆಯದು ಡೆನ್ಮಾರ್ಕಿನ ಕೋಪನ್‌ಹೇಗನ್ ಬಳಿಯ ಬಾಕೆನ್. ಅದರ ಮೂಲ 1583ಕ್ಕೆ ಹೋಗುತ್ತದೆ. ಕಾಡಿನಲ್ಲೊಂದು ಒರತೆ ಸಿಕ್ಕಿತು, ಅದರ ನೀರಿಗೆ ರೋಗ ವಾಸಿಯಾಗುತ್ತದೆಂದು ಜನ ನೆರೆದರು, ಜನರ ಹಿಂದೆ ತಿಂಡಿ ಮಾರುವವರೂ ಆಟ ತೋರಿಸುವವರೂ ಬಂದರು. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಇದು ಹೊಸ ಕಥೆಯೇ? ಹರಿದ್ರಾತೀರ್ಥದ ದಡ, ದೇವಿಯ ದರ್ಶನಕ್ಕೆ ಬಂದ ಜನ, ಬನದ ಹುಣ್ಣಿಮೆಗೆ ತೇರು, ಅದರ ಬೆನ್ನಿಗೆ ವಾರಗಟ್ಟಲೆ ನಾಟಕ ಕಂಪನಿಗಳು, ತೊಟ್ಟಿಲು, ಬೆಂಡು-ಬತ್ತಾಸು, ಪೀಪಿ, ಮಿರ್ಚಿ ಭಜಿ. ಪಾರ್ಕೂ ಜಾತ್ರೆಯೂ ಒಂದೇ ವಂಶದವು. ಬನಶಂಕರಿಯಲ್ಲಿ ಅಜ್ಜಿ ಚೀಲ ಕಾಯುವುದಿಲ್ಲ. ಮುಂದೆ ನಡೆಯುವವಳು ಅವಳೇ, ಬುಟ್ಟಿ ಹೊತ್ತು ಕೂತ ಹೆಂಗಸರಿಂದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಚೌಕಾಸಿ ಮಾಡಿ ಕೊಳ್ಳುವವಳೂ ಅವಳೇ.

ಆಕ್ಷೇಪ: ಆದರೂ ಜಾತ್ರೆಯ ತೊಟ್ಟಿಲು ಅಪಾಯ. ಇದಕ್ಕೆ ಉತ್ತರ ಬಂದಿಲ್ಲ.

ಸಮಾಧಾನ: ಪೂರ್ವಪಕ್ಷ ಇಲ್ಲಿ ಗೆದ್ದಿದೆ, ಒಪ್ಪಬೇಕು. ಎರಡು ದಿನದಲ್ಲಿ ಜೋಡಿಸಿ ತಿಂಗಳಲ್ಲಿ ಬಿಚ್ಚುವ ಯಂತ್ರಕ್ಕೂ ಗಟ್ಟಿ ಅಡಿಪಾಯದ ಮೇಲೆ ನಿಂತ ಯಂತ್ರಕ್ಕೂ ವ್ಯತ್ಯಾಸವಿದೆ. ಅದಕ್ಕೇ ಜಾತ್ರೆಗೆ ನಮ್ಮದೇ ಫಲಕ ಬರೆದುಕೊಳ್ಳಬೇಕು. ಕೈಯಿಂದ ತಿರುಗಿಸುವ ಸಣ್ಣ ತೊಟ್ಟಿಲು, ಕುದುರೆ, ಗಾಳಿ ತುಂಬಿದ ಜಾರುಬಂಡಿ ಪುಟಾಣಿಗಳಿಗೆ ಸಾಕು. ದೊಡ್ಡ ತೊಟ್ಟಿಲಿಗೆ, ಬ್ರೇಕ್ ಡ್ಯಾನ್ಸ್ ಎಂಬ ತಿರುಗುವ ಯಂತ್ರಕ್ಕೆ ಎಳೆಯ ಮಕ್ಕಳನ್ನು ಹತ್ತಿಸಬಾರದು, ತೊಡೆಯ ಮೇಲೆ ಕೂಡಿಸಿಕೊಂಡೂ ಹತ್ತಬಾರದು. ಹತ್ತುವ ಮುನ್ನ ಬುಡದ ಆಧಾರ, ಕೊಂಡಿ, ಬೆಲ್ಟ್ ಕಣ್ಣಾರೆ ನೋಡಬೇಕು. ತೇರಿನ ದಿನದ ನೂಕುನುಗ್ಗಲಿಗೆ ಬೇಡ. ನಾಲ್ಕಾರು ದಿನ ಬಿಟ್ಟು, ಹಗಲಿನಲ್ಲಿ ಹೋಗಬೇಕು. ಮಗುವಿನ ಮುಂಗೈ ಮೇಲೆ ಫೋನ್ ನಂಬರು ಬರೆದಿರಬೇಕು.

ಆಕ್ಷೇಪ: ಮನೆಯಲ್ಲಿ ಹನ್ನೊಂದರ ಹುಡುಗಿಯೂ ನಾಲ್ಕರ ಹುಡುಗನೂ ಇದ್ದಾರೆ. ಯಾರ ಅಳತೆಗೆ ಹೋಗಬೇಕು?

ಸಮಾಧಾನ: ಇಬ್ಬರು ಅಧಿಕಾರಿಗಳಿದ್ದರೆ ಕರ್ಮವೂ ಎರಡು. ಹನ್ನೊಂದರ ಹುಡುಗಿಗೆ ಪಾರ್ಕಿನ ಅಧಿಕಾರ ಪೂರ್ತಿ ಬಂದಿದೆ. ತಮ್ಮ ಚಿಕ್ಕವನೆಂದು ಅವಳನ್ನು ಕಾಯಿಸುವುದು ಅನ್ಯಾಯ. ಅಪ್ಪನೋ ಮಾಮನೋ ಅವಳನ್ನು ಕರೆದೊಯ್ಯಲಿ. ಅದೇ ಎರಡು ದಿನ ತಮ್ಮನಿಗೆ ಅವ್ವನ ಜೊತೆ ಅಜ್ಜಿಯ ಊರು. ಎಲ್ಲರೂ ಕೂಡಿಯೇ ಹೋಗಬೇಕೆಂದರೆ ಮೂವರು ದೊಡ್ಡವರಿರಬೇಕು, ಪಾರ್ಕಿನ ಬಳಿ ಹಿಂದಿನ ರಾತ್ರಿ ತಂಗಿರಬೇಕು, ಚಿಕ್ಕವನು ಮಧ್ಯಾಹ್ನ ಹೊರಗೆ ಬಂದು ಮಲಗುವ ಏರ್ಪಾಟು ಇರಬೇಕು. ಇಲ್ಲದಿದ್ದರೆ ಒಬ್ಬರ ರಜೆಗೆ ಇನ್ನೊಬ್ಬರು ಸಾಮಾನಾಗಿಬಿಡುತ್ತಾರೆ.

ನಿರ್ಣಯ

ಇಷ್ಟು ವಿಚಾರದಿಂದ ನಿಲ್ಲುವ ವಿಧಿಗಳು ಇವು.

ಮೊದಲನೆಯದು, ಪಾರ್ಕಿನ ಜಾಲತಾಣ ತೆರೆಯುವ ಮೊದಲು ಮಗುವನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆಯಬೇಕು. 120 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ದೂರದ ಪಾರ್ಕಿನ ಮಾತು ಆ ವರ್ಷಕ್ಕೆ ಮುಗಿಯಿತು. ಎರಡನೆಯದು, ಏನು ಬೇಕೆಂದು ಮಗುವನ್ನು ಕೇಳುವಾಗ ಜಾಗದ ಹೆಸರು ಬಿಟ್ಟು ಆಟದ ಹೆಸರು ಕೇಳಬೇಕು. ಮೂರನೆಯದು, ನಿತ್ಯವನ್ನು ಬಿಡಬಾರದು: ಬೇಸಿಗೆಯ ಸಂಜೆಗೆ ಆಲಮಟ್ಟಿ, ಮಳೆಗಾಲಕ್ಕೆ ತೆರೆದ ಗೇಟುಗಳು, ದಸರಾ ರಜೆಗೆ ಗೊಟಗೋಡಿ ಇಲ್ಲವೆ ಬಿಂಕದಕಟ್ಟಿ, ಬನದ ಹುಣ್ಣಿಮೆಯ ನಂತರ ಬಾದಾಮಿಯ ಒಂದು ಗುಹೆ ಮತ್ತು ಬನಶಂಕರಿ. ಡಬ್ಬಿ ಮರೆತರೂ, ಕಾರಂಜಿ ಕೆಟ್ಟು ನಿಂತರೂ ನಿತ್ಯ ಸಲ್ಲುತ್ತದೆ.

ನಾಲ್ಕನೆಯದು, ಕಾಮ್ಯಕ್ಕೆ ಹೊರಟರೆ ಅಂಗಲೋಪ ಆಗಕೂಡದು. ಶನಿವಾರ-ಭಾನುವಾರದ ಜನಜಂಗುಳಿ ಬಿಟ್ಟು ವಾರದ ನಡುವಿನ ದಿನ. ಹಿಂದಿನ ರಾತ್ರಿ ಹಾಸಿಗೆಯ ಮೇಲೆ ನಿದ್ದೆ. ನೀರಿನಾಟಕ್ಕೆ ಹತ್ತಿಯ ಬಟ್ಟೆ ಸಾಮಾನ್ಯವಾಗಿ ಒಪ್ಪದ ಕಾರಣ ನೈಲಾನ್ ಉಡುಪು ಮನೆಯಿಂದಲೇ. ಹೊರಗಿನ ಬುತ್ತಿ ಒಳಗೆ ಬಿಡುವುದು ಕಡಿಮೆಯಾದ್ದರಿಂದ ಗೇಟಿನ ಮುಂದೆಯೇ ಮೊಸರನ್ನ, ಆಮೇಲೆ ಬಾಯಾಡಲು ಅಮೀನಗಡದ ಕರದಂಟು. ಮಗುವಿಗೆ ಜ್ವರ ಬಂದರೆ ಟಿಕೆಟ್ಟಿನ ಹಣ ಹೋದರೂ ಸರಿ ಎನ್ನುವ ಮನಸ್ಸು. ಮರಳಿದ ಮೇಲೆ ಒಂದು ದಿನ ಪೂರ್ತಿ ವಿಶ್ರಾಂತಿ. ಇವುಗಳಲ್ಲಿ ಒಂದು ಹೊಂದದಿದ್ದರೂ ಮುಂದಿನ ವರ್ಷ ಹೋಗಬೇಕು, ಮುಂದೂಡಿದ್ದಕ್ಕೆ ದೋಷವಿಲ್ಲ.

"ಹಂಗಾರ ನನ್ನ ಮಗಗ ವಂಡರ್‌ಲಾ ಯಾವಾಗ್ರಿ?" ಎಂದು ಯಾರಾದರೂ ಕೇಳಿದರೆ ಸಿದ್ಧಾಂತಿಯ ಉತ್ತರ ಚಿಕ್ಕದು. ಏಳು ದಾಟಲಿ, ರಾತ್ರಿ ಪ್ರಯಾಣ ಮಾಡಿಯೂ ಮರುದಿನ ಬೆಳಿಗ್ಗೆ ನಗುತ್ತ ಏಳುವಂತಾಗಲಿ, ಸಾಲಿನಲ್ಲಿ ಅರ್ಧ ಗಂಟೆ ತಾನೇ ನಿಲ್ಲಲಿ. ಆಗ ಹೋಗಿರಿ, ಮತ್ತು ಅವನ ಜೊತೆ ನೀವೂ ಆಟದಲ್ಲಿ ಕೂಡ್ರಿರಿ. ಕೂಡ್ರಲು ನಿಮಗೇ ಅಂಜಿಕೆಯಾದರೆ ಆ ಟಿಕೆಟ್ಟಿನ ಹಣದಲ್ಲಿ ನಾಲ್ಕು ಸಲ ಆಲಮಟ್ಟಿಗೆ ಹೋಗಬಹುದು.